ಇಬ್ಬರ ಸಂಜೆ, ಬಳಗದ ಹಗಲು

ವಿಹಾರವೆಂಬ ಮಾತು ನಮ್ಮ ಹಿರಿಯರ ಬಾಯಲ್ಲಿ ಕೇಳಿಬರುತ್ತಿದ್ದುದು ಅಪೂರ್ವ. ಮನೆಯಿಂದ ಹೊರಡಬೇಕಾದರೆ ಅದಕ್ಕೊಂದು ಕಾರಣವಿರಬೇಕಾಗಿತ್ತು. ಮದುವೆ, ಉಪನಯನ, ಬೊಜ್ಜ, ಊರ ಜಾತ್ರೆ, ಹರಕೆಯ ಬಯಲಾಟ, ತವರುಮನೆಯ ಪೂಜೆ, ಇವೇ ಆ ಕಾರಣಗಳು. ಇಂಥ ಯಾವ ಕಾರಣವೂ ಇಲ್ಲದೆ, ಕೇವಲ ಕಡಲನ್ನು ನೋಡುವುದಕ್ಕಾಗಿ ಗಂಡಹೆಂಡಿರಿಬ್ಬರು ಹೊರಟರೆಂದರೆ ಅದು ಊರಿಗೆಲ್ಲ ಸುದ್ದಿಯಾಗುತ್ತಿತ್ತು. ಜಾತ್ರೆಗೆ ಹೋಗುವಾಗಲೂ ಗಂಡನು ಹತ್ತು ಮಾರು ಮುಂದೆ, ಹೆಂಡತಿಯು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಹತ್ತು ಮಾರು ಹಿಂದೆ ನಡೆಯುತ್ತಿದ್ದ ಕಾಲವನ್ನು ಈ ಪತ್ರಿಕೆಯ ಹಿರಿಯ ಓದುಗರು ಕಣ್ಣಾರೆ ಕಂಡವರೇ ಆಗಿದ್ದಾರೆ.

ಈಗ ಕಾಲ ಬದಲಾಗಿದೆ. ಹೊಸದಾಗಿ ಮದುವೆಯಾದವರು ಬೈಕನ್ನೇರಿ ಮಂಗಳೂರಿನ ಮಾಲುಗಳಿಗೆ ಹೋಗಿ, ತಣ್ಣನೆಯ ಗಾಳಿಯಲ್ಲಿ ನಾಲ್ಕು ಗಂಟೆ ಸುತ್ತಾಡಿ ಮರಳುವುದನ್ನು ಕಾಣುತ್ತೇವೆ. ಅದನ್ನು ನಾನು ಆಕ್ಷೇಪಿಸುವವನಲ್ಲ. ಆದರೆ ನಮ್ಮ ಕಾಲಬುಡದಲ್ಲೇ ಇರುವ ಕೋಟೆ, ಕಡಲು, ಹೊಳೆ, ಗುಡ್ಡಗಳನ್ನು ಬಿಟ್ಟು ಅಷ್ಟು ದೂರ ಹೋಗಬೇಕೆ ಎಂಬ ಪ್ರಶ್ನೆಯನ್ನು ಕೇಳಬಾರದೆಂದಿಲ್ಲವಷ್ಟೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ತಾಯಂದಿರ ಸಭೆ ಸೇರಿದ್ದಾಗ ಮಕ್ಕಳ ಪ್ರವಾಸದ ಪ್ರಸ್ತಾಪ ಬಂದಿತು. ಬೇಕಲ ಕೋಟೆಯನ್ನು ನೋಡಿದವರು ಕೈಯೆತ್ತಬೇಕೆಂದು ಕೇಳಿದೆನು. ಮೂವತ್ತಕ್ಕೆ ಮಿಕ್ಕಿ ತಾಯಂದಿರು ಕುಳಿತಿದ್ದರು. ಮೇಲೆ ಬಂದ ಕೈಗಳು ಐದೋ ಆರೋ. ಹಿಂದಿನ ಬೆಂಚಿನಲ್ಲಿದ್ದ ಒಬ್ಬ ತಾಯಿ, "ಮಾಸ್ಟ್ರೇ, ನಮ್ಮ ಮಗ ಶಾಲೆಯಿಂದ ಎರಡು ಸಲ ಹೋಗಿ ಬಂದಿದ್ದಾನೆ. ಅವನು ಹೇಳಿದ್ದನ್ನು ಕೇಳಿ ಗೊತ್ತು. ನಮ್ಮನ್ನು ಯಾರು ಕರೆದುಕೊಂಡು ಹೋಗುತ್ತಾರೆ?" ಎಂದರು. ಉಳಿದವರು ನಕ್ಕರು. ಆದರೆ ಆ ಮಾತು ನಗುವಂಥದಲ್ಲ. ಬಸ್ಸಿನಲ್ಲಿ ಒಂದೆರಡು ಗಂಟೆಯ ದಾರಿಯಲ್ಲಿರುವ ಕೋಟೆಯನ್ನು ನಲವತ್ತು ವಯಸ್ಸಾಗುವವರೆಗೂ ನೋಡದೆ, ಅಡುಗೆಮನೆ, ಹಟ್ಟಿ, ತೋಟ ಇಷ್ಟರಲ್ಲೇ ಸುತ್ತುವ ಗೃಹಿಣಿಯರು ನಮ್ಮಲ್ಲಿ ಇನ್ನೂ ಎಷ್ಟೋ ಮಂದಿ ಇದ್ದಾರೆ. ಅವರ ಯಜಮಾನರ ಪಾಡೂ ಹೆಚ್ಚು ಭಿನ್ನವಾದುದಲ್ಲ. ಸೊಸೈಟಿಗೆ ಅಡಿಕೆ ಕೊಡುವುದಕ್ಕೋ ಬ್ಯಾಂಕಿನ ಕೆಲಸಕ್ಕೋ ಕಾಸರಗೋಡಿಗೆ ಹೋಗಿ, ಅದೇ ಬಸ್ಸಿಗೆ ಹಿಂತಿರುಗುವವರು ಅವರು. ಇಂಥ ದಂಪತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಅಧ್ಯಾಪಕ ತರಬೇತಿಯ ದಿನಗಳಲ್ಲಿ ನಮಗೆ ಕಲಿಸಿದ ಒಂದು ಕ್ರಮವಿದೆ. ಪ್ರವಾಸಕ್ಕೆ ಹೊರಡುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು: ಯಾರೊಡನೆ, ಯಾವ ಹೊತ್ತಿನಲ್ಲಿ, ಯಾತಕ್ಕಾಗಿ? ಮಕ್ಕಳ ಪ್ರವಾಸಕ್ಕೆ ಹೇಳಿದ ಈ ಕ್ರಮ ಮನೆಮಂದಿಯ ವಿಹಾರಕ್ಕೂ ಚೆನ್ನಾಗಿ ಒಪ್ಪುವುದು. ಇಬ್ಬರಿಗೆ ಹಿತವಾದ ಜಾಗ ಇಪ್ಪತ್ತು ಮಂದಿಗೆ ಹಿತವಾಗಬೇಕೆಂದಿಲ್ಲ.

ನಮ್ಮ ಜಿಲ್ಲೆಯ ಸ್ವರೂಪವೂ ಇದಕ್ಕೆ ಅನುಕೂಲವಾಗಿದೆ. 1956ರ ನವೆಂಬರ್ 1ಕ್ಕೆ ಮೊದಲು ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿದ್ದ ಕಾಸರಗೋಡು, ಬಳಿಕ ಕೇರಳಕ್ಕೆ ಸೇರಿ, 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. ಪಡುವಣಕ್ಕೆ ಅರಬೀ ಸಮುದ್ರ, ಮೂಡಣಕ್ಕೆ ಘಟ್ಟದ ಕಾಡು. ಬೆಳಗ್ಗೆ ಗುಡ್ಡ ಹತ್ತಿದವರು ಸಂಜೆಗೆ ಕಡಲತಡಿಯಲ್ಲಿ ಕುಳಿತುಕೊಳ್ಳಬಹುದಾದ ಭಾಗ್ಯ ಎಲ್ಲ ಜಿಲ್ಲೆಗಳವರಿಗೂ ದೊರೆಯುವಂಥದಲ್ಲ.

ಮೊದಲು ಇಬ್ಬರ ಸಂಜೆಯ ಮಾತನ್ನು ಹೇಳುತ್ತೇನೆ. ಇದರಲ್ಲಿ ಅಗ್ರಸ್ಥಾನ ಬೇಕಲಕ್ಕೆ. ಕಾಸರಗೋಡಿನಿಂದ ತೆಂಕುದಿಕ್ಕಿಗೆ ಸುಮಾರು 15 ಕಿ.ಮೀ. ದೂರದಲ್ಲಿ, ಕಡಲೊಳಗೆ ಚಾಚಿಕೊಂಡ ನೆಲದ ಮೇಲೆ, ಮುರಕಲ್ಲಿನಿಂದ ಕಟ್ಟಿದ ಈ ಕೋಟೆ ಸುಮಾರು 40 ಎಕ್ರೆಯಷ್ಟು ವಿಸ್ತಾರವಾಗಿದೆ. 17ನೇ ಶತಮಾನದ ಮಧ್ಯದಲ್ಲಿ ಇಕ್ಕೇರಿಯ ಶಿವಪ್ಪ ನಾಯಕನು ಇದನ್ನು ಕಟ್ಟಿಸಿದನೆಂಬುದು ಪ್ರಸಿದ್ಧ. ಅನಂತರ ಹೈದರ್ ಆಲಿ, ಟಿಪ್ಪು ಸುಲ್ತಾನರ ವಶವಾಗಿ, ಕೊನೆಗೆ ಬ್ರಿಟಿಷರ ಕೈಸೇರಿತು. ಅವರ ಆಡಳಿತದಲ್ಲಿ ಬೇಕಲವೇ ತಾಲೂಕಿನ ಕೇಂದ್ರವಾಗಿತ್ತು. ಇಂದು ಇದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ.

ಕೋಟೆಯೊಳಗೆ ಅರಮನೆಯಾಗಲಿ ಸಿಂಹಾಸನವಾಗಲಿ ಇಲ್ಲ. ಇರುವುದು ವಿಶಾಲವಾದ ಹುಲ್ಲುಬಯಲು, ಮೆಟ್ಟಿಲಿಳಿದು ಹೋಗುವ ಕೊಳ, ಮದ್ದುಗುಂಡಿನ ಉಗ್ರಾಣ, ನಡುವೆ ಓರೆದಾರಿಯಲ್ಲಿ ಹತ್ತಿಹೋಗುವ ದೊಡ್ಡ ಬುರುಜು, ಸುತ್ತಲೂ ಕೋಟೆಗೋಡೆ. ಇಬ್ಬರಿಗೆ ಇದೇ ಅನುಕೂಲ. ನೋಡಲೇಬೇಕಾದ ವಸ್ತುಗಳ ಪಟ್ಟಿ ಚಿಕ್ಕದಾದುದರಿಂದ ಮಾತಿಗೆ ಹೊತ್ತು ಸಿಗುವುದು. ಗೋಡೆಯ ಮೇಲಿನ ದಾರಿಯಲ್ಲಿ ಒಂದು ಸುತ್ತು ಬಂದರೆ ಕಾಲು ನೋಯದು; ಒಂದು ಬದಿಯಲ್ಲಿ ತೆಂಗಿನ ತೋಟ, ಇನ್ನೊಂದು ಬದಿಯಲ್ಲಿ ತೆರೆಗಳ ಮೊರೆತ. ಗೋಡೆಯಲ್ಲಿರುವ ಗುಂಡಿನ ಕಿಂಡಿಗಳಲ್ಲಿ ಇಣುಕಿ ನೋಡಿರಿ. ಮೇಲಿನ ಕಿಂಡಿ ದೂರದ ಶತ್ರುವಿಗೆ, ನಡುವಿನದು ಸಮೀಪಿಸಿದವನಿಗೆ, ಕೆಳಗಿನದು ಗೋಡೆಯ ಬುಡಕ್ಕೇ ಬಂದವನಿಗೆ ಗುರಿಯಿಡಲು ಮಾಡಿದವುಗಳು. ಮಣಿರತ್ನಂ ಅವರ 'ಬಾಂಬೆ' ಚಲನಚಿತ್ರದ ಒಂದು ಹಾಡು ಇದೇ ಗೋಡೆಗಳ ನಡುವೆ ಚಿತ್ರಿತವಾಯಿತು. 1995ರಲ್ಲಿ ಆ ಚಿತ್ರ ತೆರೆಕಂಡ ಮೇಲೆ ದೂರದೂರದ ಜನರೂ ಬೇಕಲವನ್ನು ಹುಡುಕಿಕೊಂಡು ಬರುವಂತಾಯಿತು.

ಆದರೆ ಒಂದು ಎಚ್ಚರ ಬೇಕು. ಕೋಟೆಯ ಬಾಗಿಲನ್ನು ಕತ್ತಲಾಗುವ ಮೊದಲೇ ಮುಚ್ಚುತ್ತಾರೆ. ಆದುದರಿಂದ ಮೂರೂವರೆ ನಾಲ್ಕು ಗಂಟೆಗೆ ಒಳಹೊಕ್ಕು ಕೋಟೆಯನ್ನು ಸುತ್ತಿ, ಸೂರ್ಯಾಸ್ತಕ್ಕೆ ಹತ್ತಿರದ ಪಳ್ಳಿಕ್ಕೆರೆ ಕಡಲತಡಿಗೆ ಇಳಿಯುವುದು ಲೇಸು. ಜನಸಂದಣಿ ಬೇಡವೆನ್ನುವವರು ಕಾಸರಗೋಡಿನ ದಾರಿಯಲ್ಲಿ ಸ್ವಲ್ಪ ಹಿಂದಕ್ಕೆ ಬಂದು ಕಾಪಿಲ್ ಕಡಲತಡಿಗೆ ಹೋಗಬಹುದು. ಅಲ್ಲಿ ಗದ್ದಲ ಕಡಿಮೆ, ಮರಳು ಹೆಚ್ಚು.

ಇದೇ ಕರಾವಳಿಯ ಮಾರ್ಗದಲ್ಲಿ ಚಂದ್ರಗಿರಿ ಹೊಳೆಯ ತೆಂಕಣ ದಡದ ಎತ್ತರದಲ್ಲಿ ಇನ್ನೊಂದು ಕೋಟೆಯುಂಟು. ಅದೂ ಶಿವಪ್ಪ ನಾಯಕನ ಕಾಲದ್ದೇ. ಏಳು ಎಕ್ರೆಯಷ್ಟಿರುವ ಈ ಚಿಕ್ಕ ಕೋಟೆಗೆ ಬರುವವರು ವಿರಳ. ಕೊಡಗಿನ ಕಡೆಯಿಂದ ಇಳಿದು ಬಂದ ಪಯಸ್ವಿನಿಯು ಇಲ್ಲಿ ಚಂದ್ರಗಿರಿಯೆಂಬ ಹೆಸರಿನಿಂದ ಕಡಲನ್ನು ಸೇರುವ ದೃಶ್ಯ ಕೋಟೆಯ ಮೇಲಿನಿಂದ ಸ್ಪಷ್ಟವಾಗಿ ಕಾಣುವುದು. ತುಳುನಾಡಿನ ತೆಂಕಣ ಎಲ್ಲೆಯೆಂದು ಹಿಂದಿನವರು ಹೇಳುತ್ತಿದ್ದುದು ಇದೇ ಹೊಳೆಯನ್ನು. ಬೇಕಲಕ್ಕೆ ಹೋಗುವ ದಾರಿಯಲ್ಲಿ ಅರ್ಧ ಗಂಟೆ ಇಲ್ಲಿ ಕುಳಿತು, ಕೆಳಗೆ ಸಾಗುವ ದೋಣಿಗಳನ್ನು ನೋಡಿ ಮುಂದುವರಿಯಬಹುದು.

ಬಡಗಣ ಭಾಗದವರಿಗೆ ಬೇಕಲ ದೂರವಾಗುವುದು. ಮಂಜೇಶ್ವರ, ಉಪ್ಪಳದವರಿಗೆ ಕಣ್ವತೀರ್ಥದ ಕಡಲತಡಿಯಿದೆ. ಕಣ್ವ ಋಷಿಗಳ ಹೆಸರಿನೊಡನೆ ಕೂಡಿಕೊಂಡ ಜಾಗವಾದುದರಿಂದ ಮನೆಯ ಹಿರಿಯರೂ ಅಲ್ಲಿಗೆ ಹೋಗಬೇಡವೆನ್ನಲಾರರು! ದಾರಿಯಲ್ಲಿ ಮಂಜೇಶ್ವರದ ಗೋವಿಂದ ಪೈಗಳ ಮನೆಯಿರುವ 'ಗಿಳಿವಿಂಡು' ಸ್ಮಾರಕವನ್ನು ನೋಡಲು ಮರೆಯಬಾರದು. 1883ರಲ್ಲಿ ಹುಟ್ಟಿದ ಪೈಗಳಿಗೆ 1949ರಲ್ಲಿ ಅಂದಿನ ಮದ್ರಾಸು ಸರಕಾರವು ರಾಷ್ಟ್ರಕವಿ ಎಂಬ ಗೌರವವನ್ನು ನೀಡಿತು. 'ಗಿಳಿವಿಂಡು' 1930ರಲ್ಲಿ ಪ್ರಕಟವಾದ ಅವರ ಕವನ ಸಂಕಲನದ ಹೆಸರು. ಪತಿಪತ್ನಿಯರಿಗೆ ಓದಿನ ರುಚಿಯಿದ್ದರೆ ಒಂದು ಸಂಜೆಯನ್ನು ಹೀಗೆ ಹಂಚಿಕೊಳ್ಳಬಹುದು: ಮೊದಲ ಗಂಟೆ ಕವಿಯ ಮನೆಯಲ್ಲಿ, ಎರಡನೆಯದು ಕಡಲತಡಿಯಲ್ಲಿ.

ಹೊಸದಾಗಿ ಮದುವೆಯಾಗಿ, ಇನ್ನೂ ಸಂಕೋಚ ಬಿಡದ ಜೋಡಿಗೆ ನಾನು ಸೂಚಿಸುವುದು ಅನಂತಪುರವನ್ನು. ಕುಂಬಳೆಯಿಂದ ಐದಾರು ಕಿ.ಮೀ. ಒಳಗೆ, ಮುರಕಲ್ಲಿನ ಪಾರೆಗಳ ನಡುವೆ, ಕೆರೆಯ ಮಧ್ಯದಲ್ಲಿರುವ ಈ ದೇವಾಲಯ ಕೇರಳದ ಏಕೈಕ ಸರೋವರ ಕ್ಷೇತ್ರವೆಂದು ಹೆಸರಾಗಿದೆ. ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನವಿದೆಂಬುದು ಪ್ರತೀತಿ. ಈ ಕೆರೆಯಲ್ಲಿ ದೀರ್ಘಕಾಲವಿದ್ದು, ದೇವರ ನೈವೇದ್ಯವನ್ನುಣ್ಣುತ್ತದೆಂದು ಖ್ಯಾತವಾಗಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರ್ 9ರಂದು ಸತ್ತಾಗ ಜಾತಿಮತಭೇದವಿಲ್ಲದೆ ಜನರು ಬಂದು ದರ್ಶನ ಪಡೆದರು. ಮರುವರ್ಷದ ನವೆಂಬರಿನಲ್ಲಿ ಇನ್ನೊಂದು ಮೊಸಳೆ ಕೆರೆಯಲ್ಲಿ ಕಾಣಿಸಿಕೊಂಡಿತು. ದೇವರ ದರ್ಶನವೂ ಆಯಿತು, ಕೆರೆಯ ದಂಡೆಯಲ್ಲಿ ಕುಳಿತು ಮೊಸಳೆ ಕಾಣಬಹುದೇ ಎಂದು ಕಾಯುತ್ತ ನಾಲ್ಕು ಮಾತೂ ಆಯಿತು. ಮಳೆ ಕಡಿಮೆಯಾಗುವ ಸೋಣ ತಿಂಗಳಲ್ಲಿ ಹೋದರೆ ಸುತ್ತಲಿನ ಪಾರೆಯ ಮೇಲೆ ನೆಲಕ್ಕಂಟಿ ಅರಳಿದ ನೀಲಿ ಹೂಗಳನ್ನೂ ನೋಡಬಹುದು. ಮಧುವಾಹಿನಿಯ ದಡದಲ್ಲಿರುವ ಮಧೂರು ಕ್ಷೇತ್ರವೂ ಇಂಥದೇ. ಅಲ್ಲಿನ ಗಜಪೃಷ್ಠಾಕಾರದ ಮಾಡನ್ನು ನೋಡಿ, ಅಪ್ಪದ ಪ್ರಸಾದವನ್ನು ಸ್ವೀಕರಿಸಿ, ಹೊಳೆಯ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತು ಬರಬಹುದು.

ಇನ್ನು ರಾತ್ರಿಯ ವಿಹಾರ. ಪೇಟೆಯವರು ರಾತ್ರಿಯ ಹೊತ್ತು ಹೋಟೆಲಿಗೋ ಸಿನೆಮಾಕ್ಕೋ ಹೋಗುತ್ತಾರೆ. ನಮ್ಮ ಹಿರಿಯರಿಗೆ ಮನೆಯ ಹೊರಗೆ ಒಂದು ರಾತ್ರಿ ಕಳೆಯಲು ಅನುಮತಿಯಿದ್ದುದು ಬಯಲಾಟಕ್ಕೆ ಮಾತ್ರ. ಯಕ್ಷಗಾನದ ತೆಂಕುತಿಟ್ಟಿಗೆ ಪಿತಾಮಹನೆನಿಸಿದ ಪಾರ್ತಿಸುಬ್ಬನು ಕುಂಬಳೆ ಸೀಮೆಯವನು. ಅಂಥ ನೆಲದಲ್ಲಿ ದೀಪಾವಳಿಯ ಅನಂತರ ಆರಂಭವಾಗುವ ಆಟಗಳು ಬೇಸಗೆಯ ಕೊನೆಯ ಪತ್ತನಾಜೆಯವರೆಗೆ ನಡೆಯುವುವು. ಕೊಯಿಲಾದ ಗದ್ದೆಯಲ್ಲಿ ಚಾಪೆ ಹಾಸಿ, ಹೆಂಗಸರು ಒಂದು ಕಡೆ ಗಂಡಸರು ಒಂದು ಕಡೆ ಕುಳಿತಿರುತ್ತಿದ್ದರೂ, ಚೌಕಿಯ ಬದಿಯ ಚಾದ ಅಂಗಡಿಯಲ್ಲಿ ಗಂಡನು ಕೊಂಡ ನೆಲಗಡಲೆಯ ಪೊಟ್ಟಣ ಮಗುವಿನ ಕೈಯಲ್ಲಿ ಹೆಂಡತಿಗೆ ತಲುಪುತ್ತಿತ್ತು. ಇಂದು ಆ ಕಟ್ಟುಪಾಡು ಸಡಿಲಾಗಿ ದಂಪತಿಗಳು ಜೊತೆಯಲ್ಲೇ ಕುರ್ಚಿಗಳಲ್ಲಿ ಕುಳಿತು ನೋಡುತ್ತಾರೆ. ಅನೇಕ ಕಡೆ ಕಾಲಮಿತಿಯ ಆಟಗಳು ಬಂದುದರಿಂದ ನಡುರಾತ್ರಿಯೊಳಗೆ ಮನೆ ಸೇರುವುದೂ ಸಾಧ್ಯ. ಮಕರ ಮಾಸದಲ್ಲಿ ಕುಂಬಳೆಯ ಕಣಿಪುರ ಗೋಪಾಲಕೃಷ್ಣ ದೇವಸ್ಥಾನದ ಜಾತ್ರೆಗೆ ನಡೆಯುವ ಬೆಡಿಯನ್ನು ನೋಡಲು ಸೀಮೆಯ ಜನವೆಲ್ಲ ಸೇರುತ್ತದೆ. ತೆಂಕಣ ಭಾಗದಲ್ಲಿ ತುಲಾಮಾಸದಿಂದ ತೆಯ್ಯಂಗಳ ಕಾಲ. ಬಳಗವನ್ನು ಕಟ್ಟಿಕೊಂಡು ಹೋಗಲು ಇವು ಯೋಗ್ಯವಾದ ರಾತ್ರಿಗಳು.

ಬಳಗದ ಹಗಲಿಗೆ ಮೊದಲ ಸ್ಥಾನ ಪೊಸಡಿಗುಂಪೆಗೆ. ಹೆದ್ದಾರಿಯ ಬಂದಿಯೋಡಿನಿಂದ ಪೆರ್ಮುದೆಯ ದಾರಿಯಾಗಿ ಧರ್ಮತ್ತಡ್ಕದ ಕಡೆಗೆ ಸಾಗಿದರೆ ಈ ಗುಡ್ಡ ಸಿಗುವುದು. ಮರಗಳಿಲ್ಲದೆ ಮುಳಿಹುಲ್ಲಿನಿಂದ ತುಂಬಿದ ಇದರ ನೆತ್ತಿಯಲ್ಲಿ ನಿಂತರೆ, ಆಕಾಶ ತಿಳಿಯಾಗಿರುವಾಗ ಪಡುವಣದಲ್ಲಿ ಕಡಲು, ಬಡಗಣದಲ್ಲಿ ಮಂಗಳೂರು, ದೂರದಲ್ಲಿ ಕುದುರೆಮುಖದ ಸಾಲು ಗೋಚರಿಸುವುದು. ಅಣ್ಣತಮ್ಮಂದಿರು, ಅತ್ತಿಗೆ ನಾದಿನಿಯರು, ಅವರ ಮಕ್ಕಳು ಹೀಗೆ ಹದಿನೈದಿಪ್ಪತ್ತು ಮಂದಿಗೆ ಇದು ತಕ್ಕ ಜಾಗ. ಮೇಲೆ ನೆರಳಿಲ್ಲ, ನೀರೂ ಇಲ್ಲ. ಆದುದರಿಂದ ಬೆಳಗ್ಗೆ ಬೇಗನೆ ಹತ್ತಿ, ಬುತ್ತಿಯ ಅವಲಕ್ಕಿಯನ್ನು ಅಲ್ಲಿಯೇ ಮುಗಿಸಿ, ಬಿಸಿಲೇರುವ ಮೊದಲು ಇಳಿಯಬೇಕು. ಇಳಿದ ಮೇಲೆ ಆ ಭಾಗದಲ್ಲಿ ಪರಿಚಯದವರ ತೋಟವಿದ್ದರೆ ಸುರಂಗವೊಂದನ್ನು ಮಕ್ಕಳಿಗೆ ತೋರಿಸಿರಿ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು, ಯಾವ ಯಂತ್ರದ ನೆರವೂ ಇಲ್ಲದೆ ನೀರು ತಾನಾಗಿ ಹರಿದು ಬರುವಂತೆ ಮಾಡಿದ ಈ ಉಪಾಯವನ್ನು ಕಾಣದವರು ನಮ್ಮ ಮಕ್ಕಳಲ್ಲೇ ಹೆಚ್ಚುತ್ತಿದ್ದಾರೆ.

ಕಾಲಲ್ಲಿ ಬಲವಿರುವ ತರುಣರ ತಂಡಕ್ಕೆ ರಾಣಿಪುರವಿದೆ. ಕಾಞಂಗಾಡಿನಿಂದ ಮೂಡಣಕ್ಕೆ ಸುಮಾರು 45 ಕಿ.ಮೀ. ದೂರ, ಪಾಣತ್ತೂರಿನ ಸಮೀಪ. ಹಿಂದೆ ಮಾಡತ್ತುಮಲೆ ಎಂಬ ಹೆಸರಿದ್ದ ಈ ಬೆಟ್ಟಕ್ಕೆ, 1970ರಲ್ಲಿ ಕೋಟ್ಟಯಂ ಧರ್ಮಪ್ರಾಂತ್ಯದ ಮೂಲಕ ವಲಸೆಗಾರರು ನೆಲೆಸಿದ ಅನಂತರ ರಾಣಿಪುರವೆಂಬ ಹೆಸರು ಬಂದಿತು. ದಟ್ಟವಾದ ಕಾಡಿನೊಳಗಿನ ಏರುದಾರಿ ಕೊನೆಗೊಮ್ಮೆ ಹುಲ್ಲಿನ ಬೋಳುನೆತ್ತಿಗೆ ಬಂದು ಸೇರುವುದು. ಅದರಾಚೆ ಕರ್ನಾಟಕದ ತಲಕಾವೇರಿಯ ಕಾಡು. ಅರಣ್ಯ ಇಲಾಖೆಯ ಚೀಟಿ ಪಡೆದೇ ಹತ್ತಬೇಕು. ಆನೆಗಳ ಸಂಚಾರವಿರುವ ದಿನ ಬಿಡುವುದಿಲ್ಲ. ಮಳೆಗಾಲದಲ್ಲಿ ಉಂಬಳಗಳ ಕಾಟ ವಿಪರೀತವಾದುದರಿಂದ ಉಪ್ಪು, ಸುಣ್ಣವನ್ನು ಕೈಯಲ್ಲಿಟ್ಟುಕೊಂಡಿರುವುದು ಒಳ್ಳೆಯದು.

ಮುದುಕರು, ಮಂಡಿನೋವಿನವರು, ಮೊಲೆಯುಣ್ಣುವ ಕೂಸುಗಳಿರುವ ಬಳಗಕ್ಕೆ ಗುಡ್ಡಗಳು ಹೇಳಿಸಿದುವಲ್ಲ. ಅವರು ನೀಲೇಶ್ವರದ ಕೋಟಪ್ಪುರಕ್ಕೆ ಹೋಗಿ ದೋಣಿಮನೆಯೊಂದನ್ನು ಗೊತ್ತುಮಾಡಿ ವಲಿಯಪರಂಬದ ಹಿನ್ನೀರಿನಲ್ಲಿ ಹಗಲೆಲ್ಲ ತೇಲಬಹುದು. ಒಂದು ಬದಿಯಲ್ಲಿ ಊರು, ಇನ್ನೊಂದು ಬದಿಯಲ್ಲಿ ಕಡಲಿಗೂ ಹಿನ್ನೀರಿಗೂ ನಡುವೆ ಉದ್ದಕ್ಕೆ ಮಲಗಿದ ತೆಂಗಿನ ದ್ವೀಪ. ಹತ್ತಿಪ್ಪತ್ತು ಮಂದಿ ಹಂಚಿಕೊಂಡರೆ ಖರ್ಚೂ ಹಗುರವಾಗುವುದು. ಶಾಂತಿಯನ್ನೇ ಬಯಸುವ ವೃದ್ಧ ತಂದೆತಾಯಿಯರನ್ನು, 1931ರಲ್ಲಿ ಸ್ವಾಮಿ ರಾಮದಾಸರು ಕಾಞಂಗಾಡಿನಲ್ಲಿ ಸ್ಥಾಪಿಸಿದ ಆನಂದಾಶ್ರಮಕ್ಕೆ ಕರೆದೊಯ್ಯಬಹುದು.

ಹೊರಡುವವರಿಗೆ ಅನುಭವದಿಂದ ಹೇಳಬಹುದಾದ ಕೆಲವು ಮಾತುಗಳಿವೆ. ಆಟಿ ತಿಂಗಳ ಕಡಲನ್ನು ದೂರದಿಂದಲೇ ನೋಡಿರಿ. ಅಳಿವೆಯ ಬಳಿ ಯಾವ ಕಾಲದಲ್ಲೂ ನೀರಿಗಿಳಿಯಬೇಡಿರಿ. ಬಸ್ಸಿನಲ್ಲಿ ಹೋಗುವವರು ಕೊನೆಯ ಬಸ್ಸಿನ ಹೊತ್ತನ್ನು ಮೊದಲೇ ಕೇಳಿಟ್ಟುಕೊಳ್ಳಿರಿ. ಬೇಕಲಕ್ಕೆ ರೈಲಿನ ಅನುಕೂಲವೂ ಇದ್ದು, ಬೇಕಲ ಫೋರ್ಟ್ ಎಂಬ ಹೆಸರಿನ ನಿಲ್ದಾಣವೇ ಇದೆ. ಮನೆಯಿಂದ ಬುತ್ತಿ ಒಯ್ದವರು ಪ್ಲಾಸ್ಟಿಕ್ ತೊಟ್ಟೆಗಳನ್ನು ಮರಳಿ ಮನೆಗೇ ತನ್ನಿರಿ. ಬಾಳೆಲೆಯಲ್ಲಿ ಕಟ್ಟಿಕೊಂಡು ಹೋದರೆ ಆ ತೊಂದರೆಯೇ ಇಲ್ಲ.

ಮಕ್ಕಳನ್ನು ಕರೆದೊಯ್ಯುವವರಿಗೆ ಇನ್ನೊಂದು ಸೂಚನೆ. ದಾರಿಯುದ್ದಕ್ಕೂ ಊರಿನ ಹೆಸರುಗಳನ್ನು ಅವರಿಂದ ಹೇಳಿಸಿರಿ. 2021ರಲ್ಲಿ ನಮ್ಮ ಜಿಲ್ಲೆಯ ಕೆಲವು ಊರುಗಳ ಕನ್ನಡ ಹೆಸರುಗಳು ಬದಲಾಗುವುವೆಂಬ ಸುದ್ದಿ ಹಬ್ಬಿ ಗಡಿಯ ಎರಡೂ ಕಡೆ ಕಳವಳವಾಯಿತು. ಅಂಥ ಪ್ರಸ್ತಾವವಿಲ್ಲವೆಂದು ಕೇರಳ ಸರಕಾರ ತಿಳಿಸಿತು. ಫಲಕದ ಮೇಲಿನ ಅಕ್ಷರಕ್ಕಾಗಿ ಕಾಳಜಿ ಪಡುವುದು ನ್ಯಾಯವೇ. ಆದರೆ ಮುಂಬಯಿ, ಬೆಂಗಳೂರು, ಗಲ್ಫ್ ನಾಡುಗಳಿಂದ ರಜೆಗೆ ಬರುವ ನಮ್ಮ ಮೊಮ್ಮಕ್ಕಳು ಪೊಸಡಿಗುಂಪೆಯನ್ನು ಹತ್ತದೆ, ಕಣ್ವತೀರ್ಥದ ನೀರಿನಲ್ಲಿ ಕಾಲು ತೋಯಿಸದೆ ಹಿಂತಿರುಗಿದರೆ, ಫಲಕದಲ್ಲಿ ಆ ಹೆಸರು ಇದ್ದೂ ಅವರಿಗೇನು ಪ್ರಯೋಜನ?

ಕಡೆಯದಾಗಿ ಮನೆಯ ಹಿರಿಯರಲ್ಲಿ ಒಂದು ವಿಜ್ಞಾಪನೆ. ಮಗ ಸೊಸೆಯರು ಒಂದು ಸಂಜೆ ಇಬ್ಬರೇ ಹೊರಟರೆ ಎಲ್ಲಿಗೆ, ಯಾಕೆ ಎಂದು ಪ್ರಶ್ನಿಸಬೇಡಿರಿ. ಮಗುವನ್ನು ನಾವು ನೋಡಿಕೊಳ್ಳುತ್ತೇವೆ, ಹೋಗಿ ಬನ್ನಿರೆಂದು ಹೇಳಿರಿ. ಹಟ್ಟಿಯ ಕೆಲಸವನ್ನು ಒಂದು ದಿನ ಬೇರೆಯವರು ಮಾಡಿದರೆ ಹಾಲು ಕಡಿಮೆಯಾಗದು. ಎಷ್ಟೋ ಮನೆಗಳಲ್ಲಿ ಗಂಡಹೆಂಡಿರ ನಡುವೆ ಮಕ್ಕಳ ಫೀಸು, ಅಡಿಕೆಯ ಧಾರಣೆ, ನಾಳೆಯ ಜಂಬ್ರ ಇವುಗಳ ಹೊರತು ಬೇರೆ ಮಾತೇ ಉಳಿದಿಲ್ಲವೆಂಬುದನ್ನು ಮಕ್ಕಳ ಮುಖಾಂತರ ಅಧ್ಯಾಪಕನಾದವನು ತಿಳಿಯುತ್ತಾನೆ. ಅಂಥ ಮನೆಯ ಮಕ್ಕಳು ಶಾಲೆಯಲ್ಲೂ ಮೌನಿಗಳಾಗಿರುವುದನ್ನು ನಾನು ಕಂಡಿದ್ದೇನೆ. ಮನೆಯ ಹೊರಗೆ ಇಬ್ಬರೇ ಕುಳಿತಾಗ ಮಾತು ತಾನಾಗಿ ಬೇರೆ ದಾರಿ ಹಿಡಿಯುವುದು. ಈ ಲೇಖನವನ್ನು ಓದುತ್ತಿರುವ ಯಜಮಾನರು ಬರುವ ಆದಿತ್ಯವಾರದ ಅಪರಾಹ್ನವನ್ನು ಈಗಲೇ ಗುರುತು ಹಾಕಿಟ್ಟು, ಎಲ್ಲಿಗೆ ಹೋಗೋಣವೆಂದು ಮನೆಯಾಕೆಯನ್ನೇ ಕೇಳಲಿ. ಜಾಗವನ್ನು ಆಕೆಯೇ ಆರಿಸಲಿ.